ಪಾಲಾಕ್ಷಪ್ಪನ ತಲೆಗೆ ಸ್ಕ್ಯಾನು

ಪಾಲಾಕ್ಷಪ್ಪ: ಸ್ಕ್ಯಾನ್ ಇಲ್ದೆ, ಬರೀ ಮಾತಾಡ್ಸಿ ಅದೆಂಗೆ ಕಾಯ್ಲೆ ಕಂಡಿಡೀತೀರಾ ಡಾಕ್ಟ್ರೇ?

ಡಾ. ಅನುಶ್ರೀ: ನಿದ್ದೆ ಹೇಗೆ ಬರುತ್ತೆ ಅಂತಷ್ಟೇ ಕೇಳಿದೆ ಯಜಮಾನ್ರೇ.

(ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಪಾಲಾಕ್ಷಪ್ಪನನ್ನು ಹೆಂಡತಿ ಪ್ರೇಮಕುಮಾರಿ ಶುಗರ್ ಟೆಸ್ಟು ಅಂತ ಸುಳ್ಳು ಹೇಳಿ ಹಾಸನಕ್ಕೆ ಕರೆತಂದಿದ್ದಾಳೆ. ಬಾಗಿಲ ಮೇಲೆ ‘ಮನೋವೈದ್ಯರು’ ಅಂತ ಓದಿದ ಮೇಲೆ ಆತ ಕೂತಲ್ಲಿ ಕೂರುತ್ತಿಲ್ಲ.)

ಪಾಲಾಕ್ಷಪ್ಪ: ನಿದ್ದೆ ಚೆನ್ನಾಗೇ ಬತ್ತದೆ.

ಪ್ರೇಮಕುಮಾರಿ: ಎಲ್ಲಿ ಬತ್ತದೆ? ಬೆಳಗಾಗೋಗಂಟ ಸೂರು ನೋಡ್ತಾ ಬಿದ್ದಿರ್ತಾರೆ.

ಅನುಶ್ರೀ: ಊಟ?

ಪ್ರೇಮಕುಮಾರಿ: ಮುದ್ದೆ ಅರ್ಧ ತಟ್ಟೇಲೇ!

ಪಾಲಾಕ್ಷಪ್ಪ: ಕೇಳಿದ್ದು ನನ್ನ ಕಣೇ!

ಅನುಶ್ರೀ: ವ್ಯಾಪಾರ?

ಪ್ರೇಮಕುಮಾರಿ: ಅದೇ ಭಯ ಡಾಕ್ಟ್ರೇ. ಈಗೀಗ ಗಿರಾಕಿ ಕೇಳಿದ ರೇಟಿಗೇ ಕಾಯಿ ಕೊಟ್ಬುಡ್ತಾರೆ. ನಮ್ಮ ಮದ್ವೇಲಿ ಅಯ್ನೋರ ದಕ್ಷಿಣೆಗೂ ಚೌಕಾಸಿ ಮಾಡಿದ್ದ ಮನ್ಸ!

(ಡಾಕ್ಟರು ಪೆನ್ನು ಎತ್ತಿಕೊಂಡರು. ಪಾಲಾಕ್ಷಪ್ಪನಿಗೆ ರೇಗಿತು.)

ಪಾಲಾಕ್ಷಪ್ಪ: ಚೌಕಾಸಿ ಮಾಡ್ದಿದ್ರೆ ಹುಚ್ಚಾ? ಅಂಗಾರೆ ಮಾಲ್‌ನಾಗೆ ತಗಳ್ಳೋರೆಲ್ಲ ಹುಚ್ಚರಾ?

ಅನುಶ್ರೀ: ಹುಚ್ಚು ಅಂತ ಯಾರೂ ಅನ್ನಲಿಲ್ಲ. ಖಿನ್ನತೆ ಇರಬಹುದು. ಥೈರಾಯ್ಡ್ ಏನಾದ್ರೂ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸೋಣ. ಮಿಕ್ಕಿದ್ದು ಮಾತಲ್ಲೇ ತಿಳಿಯೋದು. ಯಾವಾಗಿಂದ ಹೀಗೆ, ಮೊದಲು ಹೇಗಿದ್ರಿ, ಈಗ ಏನು ಕೈಲಾಗ್ತಿಲ್ಲ ಅಂತ.

ಪಾಲಾಕ್ಷಪ್ಪ: ಒಳಗೆ ನೋಡ್ದೆ ಒಳಗಿಂದು ಎಂಗೆ ಗೊತ್ತಾಗ್ತದೆ?

ಪ್ರೇಮಕುಮಾರಿ: ರೀ, ನೀವು ಒಂದೊಂದು ಕಾಯೂ ಒಡೆದು ನೋಡಿ ಮಾರ್ತೀರಾ? ತಟ್ಟಿ, ಕಿವಿ ತಾವ ಅಲ್ಲಾಡ್ಸಿ, ಕೆಟ್ಟಿದ್ನ ಪಕ್ಕಕ್ಕೆ ಇಡಲ್ವಾ?

(ಪಾಲಾಕ್ಷಪ್ಪ ಮೊದಲ ಸಲ ಕುರ್ಚಿಗೆ ಒರಗಿ ಕೂತ.)

ಪಾಲಾಕ್ಷಪ್ಪ: ತಟ್ಟಿದ್ರೆ ಕಾಯಿ ಸುಳ್ಳು ಹೇಳಲ್ಲ ಕಣೇ. ನಾನಾದ್ರೆ ಸುಳ್ಳು ಹೇಳ್ತೀನಿ.

ಅನುಶ್ರೀ: ಹಾಗಾದ್ರೆ ಈಗ ನಿಜ ಹೇಳಿ.

ಪಾಲಾಕ್ಷಪ್ಪ: ಏನೂ ಬ್ಯಾಡ ಅನ್ಸುತ್ತೆ ಡಾಕ್ಟ್ರೇ. ಅಂಗಡಿ ಬಾಗ್ಲು ತೆಗೆಯೋಕೂ ಬ್ಯಾಡ. ಇವಳಿಗೆ ಹೇಳಿದ್ರೆ ಹೆದರ್ಕೊತಾಳೆ ಅಂತ ಸುಮ್ಕಿದ್ದೆ.

(ಪ್ರೇಮಕುಮಾರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ಗಂಡನಿಗೆ ತನ್ನ ಮೇಲೇ ಬೇಸರ ಅಂದುಕೊಂಡು ಅವಳೂ ಒಳಗೊಳಗೇ ಅಳುತ್ತಿದ್ದಳು.)

ಅನುಶ್ರೀ: ಇದು ವಾಸಿಯಾಗೋ ಕಾಯಿಲೆ. ಮಾತ್ರೆ ಜೊತೆಗೆ ಬಂದು ಮಾತಾಡ್ತಿರಬೇಕು. ಗುಣ ಕಂಡ್ರೂ ಕಡೇಪಕ್ಷ ಆರು ತಿಂಗಳು ನಿಲ್ಲಿಸಬಾರದು.

ಪಾಲಾಕ್ಷಪ್ಪ: ಆರಾ? ಜಾಸ್ತಿ ಆಯ್ತು ಡಾಕ್ಟ್ರೇ. ಮೂರಕ್ಕೆ ಮಾಡ್ಕೊಡಿ.

(ಪ್ರೇಮಕುಮಾರಿ ಕುರ್ಚಿಯಿಂದ ಎದ್ದೇಬಿಟ್ಟಳು.)

ಪ್ರೇಮಕುಮಾರಿ: ಡಾಕ್ಟ್ರೇ, ಮಾತ್ರೆ ಕೊಡೋಕ್ ಮುಂಚೇನೇ ಗುಣ ಆಗ್ತಾ ಅವ್ರೆ! ನೀವು ಮಾತ್ರ ಆರು ಬಿಟ್ಟು ಕೆಳಗಿಳೀಬ್ಯಾಡಿ!