ಕೆಂಪವ್ವನ ಹಿತ್ತಾಳೆ ಡಬ್ಬಿ

ಕಲ್ಲೋಳಿಯ ಕೆಂಪವ್ವನ ಹಿತ್ತಾಳೆ ಡಬ್ಬಿ ಯಾರ ಮನೆಗೆ ಹೋದರೂ ಖಾಲಿ ತಿರುಗಿ ಬಂದದ್ದಿಲ್ಲ. ತುಂಬಿ ಹೋದದ್ದು ಬರಿದಾಗಿ ಬಂದರೆ ಮನೆಗೆ ಕೇಡು ಎಂದು ಆಕೆಯ ನಂಬಿಕೆ. ಏನೂ ಸಿಗದಿದ್ದರೆ ನಾಲ್ಕು ಹರಳು ಉಪ್ಪಾದರೂ ತಳದಲ್ಲಿರಬೇಕು. ಇಬ್ಬರು ಗಂಡುಮಕ್ಕಳಿಗೂ ಇದನ್ನು ಹಾಲಿನ ಜೊತೆಗೇ ಕುಡಿಸಿದ್ದಳು.

ಹಿರಿಯ ಸತ್ತೆಪ್ಪ ಈಗ ಗೋಕಾಕದ ಜೈಲಿನಲ್ಲಿದ್ದ. ಸರದಿ ಬಿಟ್ಟು ಕಾಲುವೆಯ ಬಾಗಿಲೆತ್ತಿ ಹೊಲಕ್ಕೆ ನೀರು ಹರಿಸಿದ್ದಕ್ಕೆ ಒಂದು ತಿಂಗಳು. ಕಿರಿಯ ಮಾಯಪ್ಪನನ್ನು ನೋಡಲು ಅಂದು ಸಂಜೆ ಹುಕ್ಕೇರಿಯಿಂದ ಹೆಣ್ಣಿನ ಕಡೆಯವರು ಬರುವವರಿದ್ದರು. ಹಿರಿಯವ ದುಡಿಯಲು ಮುಂಬೈಗೆ ಹೋಗಿದ್ದಾನೆಂದು ಅವರಿಗೆ ಹೇಳಿಯಾಗಿತ್ತು. ಜೈಲಿನ ಭೇಟಿಯ ದಿನವೂ ಅದೇ ಆಗಬೇಕೆ!

"ಬೀಗರು ಬರೂದ್ರಾಗ ಬಂದಬಿಡಪಾ. ಅಣ್ಣ ಹೊಟ್ಟಿತುಂಬ ಉಣ್ಣಾಕತ್ತಾನೋ ಇಲ್ಲೋ ನೋಡ್ಕೊಂಡ ಬಾ" ಎಂದು ಕೆಂಪವ್ವ ಡಬ್ಬಿಗೆ ಹೋಳಿಗೆ ತುಂಬಿದಳು.

ಮಾಯಪ್ಪ ಹೊಸ ಕೆಂಪು ರುಮಾಲು ಸುತ್ತಿಕೊಂಡು ಹೊರಬಿದ್ದದ್ದೇ ತಡ, ಓಣಿಯೆಲ್ಲ ವಕೀಲರ ಸಭೆಯಾಯಿತು.

"ಅವನ ಮುಂದ ಅಳಬ್ಯಾಡ. ನೀ ಅತ್ರ ಅವಗ ಜೈಲಿನ ಗ್ವಾಡಿ ಇನ್ನೂ ಎತ್ತರ ಕಾಣ್ತಾವು" ಎಂದಳು ಫಕೀರವ್ವ.

"ಆಕಳಾ ಈದೈತಿ ಅನ್ನೂದ ಹೇಳ. ಮನಿ ಸೋರಾಕತ್ತೈತಿ ಅನ್ನೂದ ಮಾತ್ರ ಬಾಯಿ ಬಿಡಬ್ಯಾಡ" ಎಂದಳು ಯಲ್ಲಕ್ಕ.

ಉದ್ದಪ್ಪ ಕಾಕಾ ಚಲೇಜಾವ್ ಚಳವಳಿಯಲ್ಲಿ ಒಂದೇ ಒಂದು ರಾತ್ರಿ ಜೈಲಿನಲ್ಲಿದ್ದವ. ಅಂದಿನಿಂದ ಊರಿಗೆಲ್ಲ ಅವನೇ ಜೈಲುಪಂಡಿತ. "ಇದೊಂದ ನೆಪ್ಪಿಡ ತಮ್ಮಾ. ಪೊಲೀಸರು ಏನ ಕೇಳಿದ್ರೂ ಅಣ್ಣನ ಹೆಸರ ಎತ್ತಬ್ಯಾಡ. ಒಂದ ಮಾತ ತಪ್ಪಿದ್ರ ಅವನ ಸಜಾ ಬೆಳಿತೈತಿ. ಎಲ್ಲಾ ನಿನ್ನ ಮ್ಯಾಲ ಹಾಕ್ಕೊ."

ಗೋಕಾಕ ಮುಟ್ಟುತ್ತಲೇ ಮೊದಲಿನ ಎರಡು ಬುದ್ಧಿವಾದಗಳು ಹಾರಿಹೋದವು. ಅಣ್ಣನ ಬೋಳಿಸಿದ ತಲೆ ಕೊಯ್ದ ಜೋಳದ ಹೊಲದಂತೆ ಕಂಡದ್ದೇ ಮಾಯಪ್ಪ ಗೊಳೋ ಎಂದು ಅತ್ತ. ಕಣ್ಣೊರೆಸಿಕೊಂಡು, "ಅಣ್ಣಾ, ಮನಿ ಸೋರಾಕತ್ತೈತೋ" ಎಂದ.

"ಅಳಬ್ಯಾಡೋ, ನೀ ಹೊರಗ ಅದೀ" ಎಂದು ಒಳಗಿದ್ದವನೇ ಸಮಾಧಾನ ಮಾಡಿದ. ಜೈಲಿನ ತೋಟದ ಕೆಲಸ ಅವನ ಮೈಗೆ ಹಿಡಿಸಿತ್ತು. ಹೋಳಿಗೆ ತಿಂದು, ಡಬ್ಬಿಯನ್ನು ಒಳಗೆ ಒಯ್ದು, ಮುಚ್ಚಳ ಬಿಗಿದು ತಂದುಕೊಟ್ಟ.

ಹೊರಬಾಗಿಲಲ್ಲಿ ಪಹರೆಯವ ಡಬ್ಬಿ ತೆಗೆಸಿದ. ಒಳಗೆ ಮಿರಮಿರ ಮಿಂಚುವ ಬದನೆಕಾಯಿ!

"ಸರಕಾರಿ ಬದನಿಕಾಯಿ! ಯಾರ ಕೊಟ್ರು?"

ಮಾಯಪ್ಪನ ಕಿವಿಯಲ್ಲಿ ಉದ್ದಪ್ಪ ಕಾಕಾ ಗುಂಯ್ ಎಂದ. "ನಾನ ಹರಕೊಂಡೇನ್ರಿ."

"ತೋಟ ಒಳಗೈತಿ. ಗ್ವಾಡಿ ಹ್ಯಾಂಗ ದಾಟಿದಿ?"

"ಜಿಗದೇನ್ರಿ."

ಪಹರೆಯವ ಗೋಡೆಯ ತುದಿ ನೋಡಿದ, ಮಾಯಪ್ಪನ ಕಡ್ಡಿಕಾಲು ನೋಡಿದ. "ಇಷ್ಟೆತ್ತರ ಜಿಗ್ಯಾಂವನ್ನ ಹೊರಗ ಬಿಟ್ರ ನನ್ನ ನೌಕರಿ ಹೊಕ್ಕೈತಿ. ಸಾಹೇಬ್ರು ಬೆಳಗಾವಿಗೆ ಹೋಗ್ಯಾರ. ನಾಳೆ ಬರೂತನಕ ಒಳಗ ಕುಂದ್ರ."

ಕಂಬಿಯ ಹಿಂದೆ ಕೂತ ಮಾಯಪ್ಪನಿಗೆ ಸ್ವಲ್ಪ ಹೊತ್ತಿಗೆ ಗಂಟು ಹಿಡಿದು ಹೊರಟಿದ್ದ ಸತ್ತೆಪ್ಪ ಕಂಡ. ತೋಟ ಚೆನ್ನಾಗಿ ನೋಡಿಕೊಂಡನೆಂದು ಸಾಹೇಬರು ಬೆಳಗಾವಿಗೆ ಹೋಗುವ ಮುಂಚೆಯೇ ಸಜೆ ಕಡಿಮೆ ಮಾಡಿ ಬಿಡುಗಡೆಗೆ ರುಜು ಹಾಕಿದ್ದರಂತೆ. ಆ ಸುದ್ದಿ ಸತ್ತೆಪ್ಪನಿಗೇ ಆಗಷ್ಟೇ ಗೊತ್ತಾಗಿತ್ತು.

"ಏ ಹುಚ್ಚಾ! ಬದನಿಕಾಯಿ ಸಾಹೇಬ್ರನ್ನ ಕೇಳೇ ಹಾಕಿದ್ನೆಲೋ!"

"ಅದನ್ನ ಸಾಹೇಬ್ರ ಹೇಳಬೇಕು" ಎಂದ ಪಹರೆಯವ.

"ಹಂಗಾರ ಅವನ ಬದ್ಲಿ ನನ್ನ ಒಳಗ ಹಾಕ್ರಿ."

"ನಿನ್ನ ಹೆಸರ ಪಟ್ಟಿಯಾಗಿಂದ ಹೊಡದಾಗೈತಿ. ನಿನಗ ಇಲ್ಲಿ ಜಾಗಾ ಇಲ್ಲ. ನಡಿ!"

ಮಾಯಪ್ಪ ರುಮಾಲು ಬಿಚ್ಚಿ ಕಂಬಿಯ ಸಂದಿಯಿಂದ ಕೊಟ್ಟ. "ಬೋಳತಲಿ ಮುಚ್ಕೊ. ಬೀಗರನ್ನ ಹ್ಯಾಂಗರ ಮಾಡಿ ನಾಳೆತನಕ ತಡದ ನಿಲ್ಸಣ್ಣಾ."

ಮರುದಿನ ಸಾಹೇಬರು ಬಂದರು. ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕು, ಡಬ್ಬಿ ಕೊಡಿಸಿ ಮಾಯಪ್ಪನನ್ನು ಬಿಟ್ಟರು. ಬದನೆಕಾಯಿ ರಾತ್ರಿಯೇ ಜೈಲಿನ ಪಲ್ಲೆಯಾಗಿತ್ತು. ಮಾಯಪ್ಪನೂ ಅದನ್ನೇ ಉಂಡಿದ್ದ. ಹೊರಗೆ ಸತ್ತೆಪ್ಪ ನೆಲ ನೋಡುತ್ತ ನಿಂತಿದ್ದ.

"ಬೀಗರು?"

"ಕಾಲ ಮುಟ್ಟಾಕ ಬಗ್ಗಿದ್ನೋ, ರುಮಾಲ ಜಾರಿ ಬಿತ್ತು. ಬೋಳತಲಿ ನೋಡಿ ಕೇಳಿದ್ರು, ಖರೇನ ಹೇಳಿದೆ. 'ನೀರಿನ ಸಲುವಾಗಿ ಜೈಲಿಗೆ ಹ್ವಾದಾಂವ ನನ್ನ ಮಗಳ್ನ ಉಪವಾಸ ಇಡೂದಿಲ್ಲ' ಅಂದ ಮಾವ ಕುಣದಾಡಿದ."

"ಮಾವ?"

"ನಿನ್ನೂ ಕೇಳಿದ್ರಪಾ. ಉದ್ದಪ್ಪ ಕಾಕಾ ನಡುವ ಬಾಯಿ ಹಾಕಿ, ಬದನಿಕಾಯಿ ಸಲುವಾಗಿ ಒಳಗ ಕುಂತಾನ ಅಂದ. 'ಬದನಿಕಾಯಿ ಕಳ್ಳಗ ಹೆಣ್ಣ ಕೊಟ್ರ ಊರಾಗ ಮುಖ ತೋರಸೂದ ಹ್ಯಾಂಗ? ಹಿರೇಮಗ ಇನ್ನೂ ಲಗ್ನ ಇಲ್ದ ಹಂಗ ಅದಾನಲ್ಲ!' ಅಂದವರ ಮಾತ ಪಕ್ಕಾ ಅಂತ ನನ್ನ ಬಾಯಾಗ ಸಕ್ಕರಿ ಹಾಕೇಬಿಟ್ರು. ಸಕ್ಕರಿ ಬಿದ್ದ ಬಾಯ್ಲೆ ಒಲ್ಲೆ ಅನ್ನೂದ ಹ್ಯಾಂಗೋ ತಮ್ಮಾ?"

ಮಾಯಪ್ಪ ಅಣ್ಣನ ತಲೆಯ ಮೇಲೆ ವಾಲಿದ್ದ ರುಮಾಲನ್ನು ನೆಟ್ಟಗೆ ಮಾಡಿದ. "ಲಗ್ನಕ್ಕೂ ಇದ್ನ ಸುತ್ಕೊ. ನಿನಗ ಒಪ್ಪತೈತಿ."

ಮನೆಯ ಹೊಸ್ತಿಲಲ್ಲಿ ಕೆಂಪವ್ವ ಕಾದಿದ್ದಳು. ಮಾಯಪ್ಪನ ಗಲ್ಲ ಸವರಿದಳು, ಕಣ್ಣೀರು ಒರೆಸಿಕೊಂಡಳು. ಡಬ್ಬಿ ತೆಗೆದು ಒಳಗೆ ಇಣುಕಿದವಳ ಮುಖ ಕೆಂಪಾಯಿತು.

"ಒಂದ ರಾತ್ರಿ ಇದ್ದ ಬಂದೀಯಲ್ಲೋ ಅವರ ಮನ್ಯಾಗ! ನಾಲ್ಕ ಹರಳ ಉಪ್ಪರ ಹಾಕಿಸ್ಕೊಂಡ ಬರಬಾರದಾ?"