ಅಪ್ಪೆ ಮರಗಳ ನಕ್ಷೆ ಮತ್ತು ಒಂದು ಡಬ್ಬ ಜೋನಿಬೆಲ್ಲ

ಒಂಟಿಯಾಗಿರುವವರ ಬದುಕಿನಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡೆಯುತ್ತಲೇ ಇರುತ್ತದೆ. ಜೊತೆಗೆ ನಗಲು ಯಾರೂ ಇರುವುದಿಲ್ಲ, ಅಷ್ಟೆ. ನಾನು ಫಿನ್‌ಲ್ಯಾಂಡಿನವಳು. ಮೈಸೂರಿನಲ್ಲಿ ಕೆಲವು ವರ್ಷ ಕನ್ನಡ ಓದಿ, ಈಗ ಸಿದ್ದಾಪುರ ತಾಲೂಕಿನ ಹೆಗ್ಗರಣೆಯಿಂದ ಸ್ವಲ್ಪ ಆಚೆ, ಒಂದು ಶಾಲೆಯಲ್ಲಿ ಇಂಗ್ಲಿಷ್ ಮತ್ತು ಭೂಗೋಳ ಕಲಿಸುತ್ತೇನೆ. ಊರಿನವರು ನನ್ನನ್ನು ಅಕ್ಕೋರೆ ಎಂದು ಕರೆಯುತ್ತಾರೆ. ಈ ಕಡೆ ಟೀಚರಿಗೆ ಹಾಗೆಯೇ ಹೇಳುವುದು. ಇಲ್ಲಿ ನಾನು ಕಳೆದ ವಸಂತಗಳ ನಾಲ್ಕು ಮಾತು ಇವು.

ಆಸರಿ

ಇಲ್ಲಿ ಯಾರ ಮನೆಗೆ ಹೋದರೂ ಮೊದಲು ಆಸರಿಗೆ ಎಂತ ಎಂದು ಕೇಳುತ್ತಾರೆ. ಕುಡಿಯಲು ಏನು ಕೊಡಲಿ ಎಂದು. ಬೆಲ್ಲ, ನೀರಾದರೂ ಮುಂದಿಡದೆ ಬಂದವರನ್ನು ಕಳಿಸಿದರೆ ಮನೆಯ ಮರ್ಯಾದೆ ಹೋದಂತೆ. ನಾನೂ ಮರ್ಯಾದಸ್ಥೆಯೇ. ಬಾಡಿಗೆ ಮನೆಗೆ ಬಂದ ವಾರದಲ್ಲೇ ಶಿರಸಿ ಪೇಟೆಗೆ ಹೋಗಿ ಜೋನಿಬೆಲ್ಲ ಕೇಳಿದೆ, ಜೇನಿನ ಹಾಗೆ ಸುರಿಯುವ ಬೆಲ್ಲ. ದೊಡ್ಡ ಡಬ್ಬವೇ ಬೇಕೆಂದೆ. ಅಂಗಡಿಯವರು ಮನೆಯಲ್ಲಿ ಎಷ್ಟು ಜನ ಎಂದರು. ಒಬ್ಬಳೇ ಎಂದೆ. ಸಕ್ಕರೆ ಕಾಯಿಲೆಯ ಬಗ್ಗೆ ಸಾಕಷ್ಟು ಬುದ್ಧಿ ಹೇಳಿದ ಮೇಲೆಯೇ ಡಬ್ಬ ಕೊಟ್ಟರು.

ಲೋಟಗಳನ್ನು ತಿಕ್ಕಿ ಹೊಳೆಯಿಸಿ ಕಾದೆ. ಒಂದು ವಾರ, ಎರಡು ವಾರ, ಒಂದು ತಿಂಗಳು. ದಾರಿಯಲ್ಲಿ ಹೋಗುವವರು ಬೇಲಿಯ ಆಚೆಯಿಂದಲೇ ನಕ್ಕು, ಊಟ ಆಯ್ತಾ ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಸಂಜೆ ಹೊತ್ತು ಅವರ ಬೆನ್ನು ಮರೆಯಾಗುವವರೆಗೆ ನೋಡಿ, ಲೋಟಗಳನ್ನು ಮತ್ತೆ ಒಳಗಿಡುತ್ತಿದ್ದೆ.

ಮಳೆಗಾಲ ಹತ್ತಿರ ಬಂದಾಗ ಗುಟ್ಟು ತಿಳಿಯಿತು. ನಮ್ಮ ಹೆಡ್‌ಮಾಸ್ತರು ಮೊಬೈಲಿನಲ್ಲಿ ನನ್ನ ದೇಶದ ಬಗ್ಗೆ ಓದಿದ್ದರು. ಅಲ್ಲಿಯವರಿಗೆ ಒಬ್ಬರೇ ಇರುವುದೇ ಇಷ್ಟ, ಯಾರೂ ಹೋಗಿ ತ್ರಾಸು ಕೊಡಬೇಡಿ ಎಂದು ನಾನು ಬರುವ ಮೊದಲೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದರಂತೆ. ಹೋದ ಮನೆಯಲ್ಲೆಲ್ಲ ಅವರಿಗೆ ಆಸರಿ ಸಿಕ್ಕಿತ್ತು. ನಾನು ಅಂಥವಳಲ್ಲ ಎಂದು ಆಗಲೇ ಹೇಳಬೇಕಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳದಷ್ಟು ಮಟ್ಟಿಗೆ ನಾನು ಅಂಥವಳೇ.

ಅಷ್ಟರಲ್ಲಿ ನನ್ನ ಮನೆಗೂ ಅತಿಥಿಗಳು ಬಂದಿದ್ದರು. ಸಾಲಾಗಿ, ಶಿಸ್ತಾಗಿ, ನೇರ ಡಬ್ಬದ ಬಾಯಿಗೇ. ಕೆಂಪಿರುವೆಗಳು.

ಬಿಸಿಲಿನ ಕೆಲಸ

ನಮ್ಮೂರಿನಲ್ಲಿ ವಸಂತ ಎಂದರೆ ಹಿಮ ಕರಗುವುದು. ಚಳಿಗಾಲವಿಡೀ ಕತ್ತಲೆಯಲ್ಲಿ ಕಳೆದವರು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಬಿಸಿಲಿಗೆ ಮುಖ ಒಡ್ಡಿ ಕೂತುಬಿಡುತ್ತೇವೆ. ಆ ಮೊದಲ ವರ್ಷದ ಏಪ್ರಿಲ್ ರಜೆಯಲ್ಲಿ ಇಲ್ಲಿಯೂ ಅಂಗಳಕ್ಕೆ ಕುರ್ಚಿ ಹಾಕಿ ಕೂತೆ. ಬೇಕಾದಷ್ಟಕ್ಕಿಂತ ಹತ್ತು ಪಾಲು ಬಿಸಿಲಿತ್ತು, ಆದರೂ ಅಭ್ಯಾಸ ಬಿಡಲಿಲ್ಲ.

ಪಕ್ಕದ ಮನೆಯಲ್ಲಿ ಹಲಸಿನ ಹಪ್ಪಳ ನಡೆದಿತ್ತು. ಹೆಂಗಸರೆಲ್ಲ ಸೇರಿ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಸರದಿಯಲ್ಲಿ ಮಾಡುತ್ತಾರೆ. ಕೈ ಒತ್ತುತ್ತಿರುತ್ತದೆ, ಬಾಯಿ ಊರಿನ ಸುದ್ದಿ ಹೇಳುತ್ತಿರುತ್ತದೆ. ನನಗೆ ಕರೆ ಇರಲಿಲ್ಲ. ಬೇಲಿಯಾಚೆಯ ಆ ನಗು ಕೇಳಿ ಎರಡು ದಿನ ನಿಜಕ್ಕೂ ಅತ್ತೆ.

ಮೂರನೇ ದಿನ ಆ ಮನೆಯ ಯಜಮಾನ್ತಿ ಬಗಲಲ್ಲಿ ಚಾಪೆ, ತಲೆಯ ಮೇಲೊಂದು ಬುಟ್ಟಿ ಇಟ್ಟುಕೊಂಡು ನನ್ನ ಅಂಗಳಕ್ಕೇ ಬಂದರು. ಜೊತೆಗೆ ಕೂರಲು ಬಂದರೆಂದು ನಾನು ಒಳಗೆ ಓಡಿ, ಡಬ್ಬದ ಇರುವೆ ಓಡಿಸಿ, ಬೆಲ್ಲದ ನೀರು ಕಲಸಿ ತಂದೆ. ಅಷ್ಟರಲ್ಲಿ ಚಾಪೆ ತುಂಬ ಹಸಿ ಹಪ್ಪಳ ಹರವಿಯಾಗಿತ್ತು.

"ಅಕ್ಕೋರೆ, ನೀವು ಹೆಂಗೂ ಬಿಸಿಲಲ್ಲಿ ಕೂತಿರ್ತೀರಿ. ಕಾಗೆ ಬಂದ್ರೆ ಸ್ವಲ್ಪ ನೋಡ್ಕಳಿ" ಎಂದು ಕೈಗೊಂದು ಕೋಲು ಕೊಟ್ಟರು. ಆಸರಿ ಎಂದೆ. ಅಲ್ಲಿ ಹಿಟ್ಟು ಒಣಗುತ್ತದೆ ಎಂದು ಹೊರಟೇಬಿಟ್ಟರು.

ಸಂಜೆ ಅಮ್ಮ ಫೋನಿನಲ್ಲಿ, ಊರಿನಲ್ಲಿ ಯಾರಾದರೂ ಪರಿಚಯವಾದರೇ ಎಂದು ಕೇಳಿದಳು. ಕಾಗೆಗಳ ಪರಿಚಯ ಚೆನ್ನಾಗಿ ಆಗಿದೆ ಎಂದೆ.

ಸಭೆ

ಎರಡನೇ ವರ್ಷ ಮಾರ್ಚಿನಲ್ಲಿ ಪಾಲಕರ ಸಭೆ ಕರೆದೆ. ಎಲ್ಲರ ಮುಖ ನೋಡುವ ಆಸೆಗೆ ನಾನೇ ಕೈಯಲ್ಲಿ ಬರೆದು ಚೀಟಿ ಕಳಿಸಿದ್ದೆ. ಬಂದವರು ಇಬ್ಬರು. ಒಬ್ಬರು ಶಾಲೆಯ ಪಂಪು ನೋಡಲು ಬಂದವರು, ಇನ್ನೊಬ್ಬರು ಅವರಿಗೆ ಸಾಮಾನು ಹಿಡಿಯಲು ಬಂದವರು. ಇಬ್ಬರೂ ಕೊನೆಯವರೆಗೆ ಕೂತು ಕೇಳಿದರು.

ನಕ್ಷೆ

ಅದೇ ತಿಂಗಳು ಏಳನೇ ತರಗತಿಯವರಿಗೆ ಎಲ್ಲರೂ ಸೇರಿ ಒಂದೇ ದೊಡ್ಡ ಹಾಳೆಯಲ್ಲಿ ಊರಿನ ನಕ್ಷೆ ಬರೆಯಲು ಹೇಳಿದೆ. ಮನೆ, ಹಳ್ಳ, ದಾರಿ, ಜೊತೆಗೆ ನಿಮಗೆ ಮುಖ್ಯ ಅನಿಸಿದ್ದೆಲ್ಲ ಎಂದೆ. ಮಕ್ಕಳಿಗೆ ಮುಖ್ಯ ಅನಿಸಿದ್ದು ಅಪ್ಪೆ ಮರಗಳು, ಹಳ್ಳದ ದಂಡೆಯಲ್ಲಿ ಬೆಳೆಯುವ ಕಾಡುಮಾವು. ಅದರ ಮಿಡಿಯ ಉಪ್ಪಿನಕಾಯಿಗೆ ಈ ಸೀಮೆಯವರು ಜೀವ ಬಿಡುತ್ತಾರೆ. ಪ್ರತಿ ಮರದ ಪಕ್ಕದಲ್ಲಿ ಅದು ಯಾರ ಮನೆಯವರು ಕೊಯ್ಯುವುದು, ಪರಿಮಳ ಹೇಗೆ, ಮಿಡಿ ಯಾವ ವಾರ ಹದಕ್ಕೆ ಬರುತ್ತದೆ ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ನಾನು ಹೆಮ್ಮೆಯಿಂದ ಶಾಲೆಯ ಜಗಲಿಗೆ ಅಂಟಿಸಿದೆ.

ಒಳ್ಳೆಯ ಅಪ್ಪೆ ಮರ ಎಲ್ಲಿದೆ, ಜೇನು ಎಲ್ಲಿ ಕಟ್ಟಿದೆ ಎಂಬುದನ್ನು ಇಲ್ಲಿ ಬೀಗರಿಗೂ ಹೇಳುವುದಿಲ್ಲ. ನನಗೆ ಗೊತ್ತಿರಬೇಕಿತ್ತು. ನನ್ನಜ್ಜಿಯೂ ಕಾಡಿನಲ್ಲಿ ಅಣಬೆ ಏಳುವ ಜಾಗವನ್ನು ಸ್ವಂತ ಮಗಳಿಗೂ ಹೇಳದೆ ಸತ್ತವಳು.

ಹೆಡ್‌ಮಾಸ್ತರು ಗಾಬರಿಯಿಂದ ಅದನ್ನು ಕಿತ್ತು, ಸುರುಳಿ ಸುತ್ತಿ, ಮನೆಗೆ ಒಯ್ಯಿರಿ ಎಂದು ನನ್ನ ಕೈಗಿಟ್ಟರು. ಊರಿನ ಗುಟ್ಟೆಲ್ಲ ಅಕ್ಕೋರ ಮನೆಯಲ್ಲಿದೆ ಎಂದು ಮಕ್ಕಳು ಹೇಳಿಯಾಗಿತ್ತು. ಅವತ್ತು ಸಂಜೆಯಿಂದಲೇ ಜನ ಬರತೊಡಗಿದರು.

ಒಬ್ಬೊಬ್ಬರಾಗಿ ಬಂದರು. ಕೂತರು, ಬೆಲ್ಲದ ನೀರು ಕುಡಿದರು, ನಮ್ಮೂರಿನ ಚಳಿ ವಿಚಾರಿಸಿದರು, ಅಮ್ಮನ ಆರೋಗ್ಯ ಕೇಳಿದರು. ಕೊನೆಗೆ ದನಿ ತಗ್ಗಿಸಿ, ನಮ್ಮದೊಂದು ಮರ ಅಳಿಸಿಬಿಡಿ ಎಂದರು. ನಾನು ಎದುರಿಗೇ ರಬ್ಬರಿನಿಂದ ಅಳಿಸುತ್ತಿದ್ದೆ. ಅಷ್ಟು ಹೊತ್ತೂ ಅವರ ಕಣ್ಣು ಉಳಿದ ಮರಗಳ ಮೇಲಿರುತ್ತಿತ್ತು. ವಾರದಲ್ಲಿ ಡಬ್ಬ ಖಾಲಿಯಾಯಿತು. ನನಗೆ ಇಲ್ಲಿ ಅಷ್ಟು ಖುಷಿಯ ವಾರ ಇನ್ನೊಂದಿಲ್ಲ.

ಪಕ್ಕದ ಮನೆಯ ಯಜಮಾನ್ತಿ ಎರಡು ಲೋಟ ಕುಡಿದರು. "ಇಷ್ಟು ಚಲೋ ಬೆಲ್ಲ ಇಟ್ಕಂಡು ಒಂದಿನಾನೂ ನಮ್ಮನ್ನ ಕರೀಲಿಲ್ಲ ನೀವು" ಎಂದು ಬೇಸರಪಟ್ಟರು. ನಾನು ರಬ್ಬರು ಕೈಗೆತ್ತಿಕೊಂಡೆ.

ಕೊನೆಗೆ ಬಂದವರು ಹೆಡ್‌ಮಾಸ್ತರು. ಇಂಥದ್ದು ಶಾಲೆಗೆ ಶೋಭೆಯಲ್ಲ ಎಂದು ಉಪದೇಶ ಮಾಡಿ, ತಮ್ಮ ಮರವನ್ನೂ ಅಳಿಸಿಸಿ, ಮೆಟ್ಟಿಲು ಇಳಿಯುವಾಗ ತಿರುಗಿ ನಿಂತರು.

"ಉಳಿದವರದ್ದು ಎಲ್ಲೆಲ್ಲಿತ್ತು ಅಂತ ನಿಮಗೆ ನೆನಪಿದ್ಯಾ ಅಕ್ಕೋರೆ?"

ನಕ್ಷೆ ಖಾಲಿಯಾದ ಮೇಲೆ ಯಾರಿಗೂ ಬರಲು ಕಾರಣ ಉಳಿಯಲಿಲ್ಲ. ಹಪ್ಪಳದ ಕಾಲಕ್ಕೆ ಮತ್ತೆ ನಾನು, ಕೋಲು ಮತ್ತು ಕಾಗೆ.

ಈ ಸಲ ಮಾವು ಹೂ ಬಿಟ್ಟ ವಾರವೇ ಶಿರಸಿಗೆ ಹೋಗಿ ಎರಡು ಡಬ್ಬ ಜೋನಿಬೆಲ್ಲ ತಂದಿಟ್ಟೆ. ಮರುದಿನ ತರಗತಿಯಲ್ಲಿ ದೊಡ್ಡ ಹಾಳೆ ಬಿಡಿಸಿ ಮಕ್ಕಳಿಗೆ ಹೇಳಿದೆ, ಈ ವರ್ಷ ಅಪ್ಪೆ ಮರ ಬೇಡ. ಜೇನುಗೂಡು ಎಲ್ಲೆಲ್ಲಿದೆ, ಗುರುತು ಮಾಡಿ.