ಅಪ್ಪನ ಮುಖ ನೋಡಬಾರದು

ಎಲ್ಲಕ್ಕೂ ಮೂಲ ಒಂದು ಕೊಪ್ಪರಿಗೆ ಇಡ್ಲಿ ಹಿಟ್ಟು.

ನಾಶಿಕ ಜಿಲ್ಲೆಯ ಘೋಟಿಯಲ್ಲಿ, ಹೆದ್ದಾರಿ ಪಕ್ಕದಲ್ಲಿ ಉಡುಪಿ ಕಡೆಯ ಮುದ್ದಣ್ಣನ ಹೋಟೆಲು. ಅಂದು ಬೆಳಿಗ್ಗೆ ಅಡುಗೆಯ ಶೀನ ಹಿಟ್ಟಿನ ಮುಚ್ಚಳ ತೆಗೆದು, ಉಪ್ಪು ತರಲು ಒಳಗೆ ಹೋದ. ಉಪ್ಪು ತರುವಷ್ಟರಲ್ಲಿ ಮಾಮಲೇದಾರ ಬಂದು ಕೊಪ್ಪರಿಗೆಯೊಳಗೆ ಮುಖ ಇಟ್ಟಾಗಿತ್ತು.

ಮಾಮಲೇದಾರ ಎಂದರೆ ತಾಲೂಕು ಕಚೇರಿಯ ಸಾಹೇಬನಲ್ಲ, ಒಡೆಯನಿಲ್ಲದ ಒಂದು ಹೋರಿ. ದಿನಾ ಅಕ್ಕಿ ಗಿರಣಿಯಿಂದ ಬಸ್ ಸ್ಟ್ಯಾಂಡಿನವರೆಗೆ ಅಂಗಡಿ ಅಂಗಡಿಗೂ ನಿಂತು ತಪಾಸಣೆ ಮಾಡುತ್ತಿತ್ತು. ಬರಿಗೈಯಲ್ಲಿ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮೈಯೆಲ್ಲ ಕಪ್ಪು, ಗುಮಾಸ್ತ ಸೀಮೆಸುಣ್ಣ ಸಿಕ್ಕಿಸಿಕೊಂಡ ಹಾಗೆ ಎಡಗಿವಿ ಮಾತ್ರ ಬಿಳಿ. ಹಾಗಾಗಿ ಆ ಹೆಸರು.

ಹಿಟ್ಟು ಖಾಲಿಯಾಯಿತು, ಮುಖ ಹೊರಗೆ ಬರಲಿಲ್ಲ. ಮಾಮಲೇದಾರ ಕೊಪ್ಪರಿಗೆಯನ್ನೇ ತಲೆಗೆ ಹಾಕಿಕೊಂಡು ಹೆದ್ದಾರಿಗೆ ಇಳಿದ. ಮುಂಬಯಿ ಬಸ್ಸು ನಿಂತಿತು. ದೇವಳಾಲಿ ಕಡೆ ಹೊರಟ ಮಿಲಿಟರಿ ಲಾರಿಯೊಂದು, ಇದು ಹೊಸ ಮಾದರಿಯ ಟ್ಯಾಂಕಿರಬೇಕೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಕೊನೆಗೆ ಕೊಪ್ಪರಿಗೆ ಸೇತುವೆಯ ಕಲ್ಲಿಗೆ ಬಡಿದು ಎರಡು ಹೋಳಾಯಿತು. ಹೋರಿಗೆ ಏನೂ ಆಗಲಿಲ್ಲ. ಒಂದು ತೇಗು ಬಂತು, ಅಷ್ಟೆ.

ಮುದ್ದಣ್ಣ ನೇರವಾಗಿ ದನದ ದವಾಖಾನೆಗೆ ನಡೆದ.

ದವಾಖಾನೆಯಲ್ಲಿ ಶಿವರಾಯ ಅಂದು ಗಡ್ಡ ಕೆರೆದು, ಇದ್ದುದರಲ್ಲಿ ಒಣಗಿದ ಅಂಗಿ ಹಾಕಿಕೊಂಡು ಕೂತಿದ್ದ. ಭಾಲ್ಕಿ ಕಡೆಯವನು. ಡಾಕ್ಟರಲ್ಲ, ದನಗಳಿಗೆ ಸೂಜಿ ಚುಚ್ಚುವ, ಔಷಧ ಕುಡಿಸುವ ನೌಕರಿ. ದವಾಖಾನೆಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಘೋಟಿಯ ಮಳೆ ಎಂಥದೆಂದರೆ, ಹೊರಗೆ ನಿಂತ ಮೇಲೂ ಆ ಕೋಣೆಯೊಳಗೆ ಅರ್ಧ ದಿನ ಸುರಿಯುತ್ತಿತ್ತು. ಹೆಂಡತಿ ಮಲ್ಲಮ್ಮ ಆಷಾಢದಲ್ಲಿ ಒಗೆದು ಹಾಕಿದ ಸೀರೆಯನ್ನು ದಸರೆಗೆ ಉಡುತ್ತಿದ್ದಳು.

ಈಗ ನಾಶಿಕದಲ್ಲಿ ಸರಕಾರ ತಳಿ ಬೆಳೆಸಲು ಹೊಸದಾಗಿ ಹೋರಿ ಕೇಂದ್ರ ತೆರೆಯುತ್ತಿತ್ತು. ಘೋಟಿ ಸೀಮೆಯಿಂದ ಒಂದು ಒಳ್ಳೆಯ ಡಾಂಗಿ ತಳಿಯ ಹೋರಿ ಬೇಕು. ಆರಿಸಿ ಕೊಟ್ಟವನಿಗೇ ಅದರ ಉಸ್ತುವಾರಿ, ಜೊತೆಗೆ ನಳದ ನೀರಿರುವ ಕ್ವಾರ್ಟರ್ಸು. ಶಿವರಾಯ ಆರಿಸಿದ್ದ. ನೋಡಿ ಒಪ್ಪಲು ಡಾಕ್ಟರ್ ಗೋಡಬೋಲೆ ಸಾಹೇಬರು ಅಂದೇ ಬರುವವರಿದ್ದರು.

"ಟ್ರಂಕ್ ತುಂಬೀನಿ ನೋಡ್ರಿ," ಎಂದಿದ್ದಳು ಮಲ್ಲಮ್ಮ ಬೆಳಿಗ್ಗೆ. "ಸಾಹೇಬರು ಹೂಂ ಅಂದ್ರ ಇಬ್ಬರೂ ನಾಶಿಕಕ್ಕ. ಇಲ್ಲಂದ್ರ ನಾ ಒಬ್ಬಾಕೀನೇ ಭಾಲ್ಕಿಗಿ."

ಇಂಥ ಹೊತ್ತಿನಲ್ಲಿ ಮುದ್ದಣ್ಣ ಬಂದು ನಿಂತ.

"ಶಿವರಾಯ್ರೆ, ಇವತ್ತು ಊರಿಗೆ ಇಡ್ಲಿ ಇಲ್ಲ."

"ಅದಕ್ಕ ನಾ ಏನ್ ಮಾಡ್ಲಿರಿ? ನಂದು ದನದ ದವಾಖಾನಿ."

"ದನದ್ದೇ ವಿಷಯ ಮಾರಾಯ್ರೆ. ಆ ಮಾಮಲೇದಾರನ ಬೀಜ ಒಡೆದುಬಿಡಿ. ಸ್ವಲ್ಪ ಸಾಧು ಆಗ್ತದೆ."

"ಇವತ್ತ ಆಗಂಗಿಲ್ರಿ. ಸಾಹೇಬರು ಬರ್ಲತ್ತಾರ."

"ಗೊತ್ತುಂಟು. ಸಾಹೇಬರ ಊಟ ನನ್ನ ಹೋಟೆಲಿಂದ ಅಲ್ವಾ?" ಮುದ್ದಣ್ಣ ಹೆಗಲ ಟವೆಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡ. "ಆ ಹೋರಿ ಹಾಗೇ ತಿರುಗ್ತಾ ಇದ್ರೆ ನನಗೆ ಸಾರಿಗೆ ಒಗ್ಗರಣೆ ಹಾಕ್ಲಿಕ್ಕೆ ಕೈ ಬರುದಿಲ್ಲ."

ಶಿವರಾಯ ಯೋಚಿಸಿದ. ಗೋಡಬೋಲೆ ಸಾಹೇಬರು ಮುದ್ದಣ್ಣನ ಸಾರಿಗಾಗಿಯೇ ಘೋಟಿ ಕಡೆ ತಿರುಗಾಟ ಹಾಕಿಕೊಳ್ಳುತ್ತಾರೆಂದು ಇಲಾಖೆಗೆಲ್ಲ ಗೊತ್ತು. ಅದೂ ಅಲ್ಲದೆ ಬೀದಿ ಹೋರಿಗಳಿಂದ ತಳಿ ಕೆಡುತ್ತದೆ, ಅವುಗಳ ಬೀಜ ಒಡೆಯಿರಿ ಎಂದು ಇಲಾಖೆಯೇ ಹೇಳಿತ್ತು. ಅವನು ಗೂಟಕ್ಕೆ ತೂಗು ಹಾಕಿದ್ದ ದೊಡ್ಡ ಇಕ್ಕಳ ಇಳಿಸಿದ.

ಕೆಲಸ ಮಾಡಿದವನು ಒಬ್ಬ, ಬುದ್ಧಿ ಹೇಳಿದವರು ಊರೆಲ್ಲ. ಪೋಸ್ಟ್ ಮಾಸ್ತರ ಹಿಂಗಾಲು ಕಟ್ಟು ಎಂದ, ಕಟಿಂಗ್ ಅಂಗಡಿಯವನು ಮುಂಗಾಲು ಎಂದ, ಟಿಕೆಟು ಹರಿಯುವವನು ಬಸ್ಸಿನ ಮೇಲೆ ನಿಂತು ಬಾಲ ಹಿಡಿ ಎಂದು ಕೂಗಿದ. ಶೀನ ರುಬ್ಬುಗಲ್ಲಿನಲ್ಲಿ ಉಳಿದಿದ್ದ ಹಿಟ್ಟನ್ನು ಬಕೆಟ್ಟಿನಲ್ಲಿ ತಂದು ಆಸೆ ತೋರಿಸಿದ. ಮಾಮಲೇದಾರ ಬಂದ, ಬಿದ್ದ, ಎದ್ದ. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಶಿವರಾಯನ ಅಂಗಿಯ ಒಂದು ತೋಳು ಹೋಗಿತ್ತು. ಬಕೆಟ್ಟಿನ ಹಿಟ್ಟೆಲ್ಲ ಅವನ ಎದೆಯ ಮೇಲಿತ್ತು. ಹೋರಿ ಊರಿನ ಒಬ್ಬೊಬ್ಬರ ಮುಖವನ್ನೂ ನೋಡಿ, ಗಿರಣಿಯ ಗೋಡೆಗೆ ಮೈ ಆನಿಸಿ ಕೂತಿತು.

ಅಂಗಿ ಬದಲಿಸಲು ಹೊರಟರೆ ಸಾಹೇಬರ ಜೀಪು ಆಗಲೇ ಸಂತೆ ಮಾಳದಲ್ಲಿ ನಿಂತಿದೆ.

ಮಾಳದಲ್ಲಿ ಎರಡು ಹೋರಿಗಳು. ಒಂದು ಪಾಟೀಲರ ರಾಜಾ. ಮೈ ಎಣ್ಣೆ ಹಚ್ಚಿದ ರಂಜಣಿಗೆ, ಹಿಣಿಲು ಗುಡಿಯ ಕಳಸ. ಇನ್ನೊಂದು ಮುದುಕಿ ರುಕ್ಮಿಣಿಬಾಯಿಯ ಸೋನ್ಯಾ. ಅದು ಹೋರಿಯಲ್ಲ, ಹೋರಿಯ ಸಲುವಾಗಿ ಕ್ಷಮೆ ಕೇಳಲು ಬಂದವನ ಹಾಗಿತ್ತು. ಮಾಳಕ್ಕೆ ಮಾಳವೇ ನಕ್ಕಿತು.

"ಏನಪ್ಪಾ ಶಿವರಾಯ," ಎಂದರು ಪಾಟೀಲರು, "ನನ್ನ ರಾಜಾನ್ನ ಬಿಟ್ಟು ಇದನ್ನ ಆರಿಸಿದ್ದೀಯಾ? ಕಣ್ಣಿಗೇನಾಯ್ತು?"

ಶಿವರಾಯನ ಮೈಯಿಂದ ಹುಳಿ ವಾಸನೆ ಬರುತ್ತಿತ್ತು. ಆದರೆ ಹೋರಿಯ ಮಾತು ಬಂದರೆ ಅವನು ಬೇರೆಯೇ ಮನುಷ್ಯ.

"ಪಾಟೀಲ್ರ, ನಿಮ್ಮ ಹೋರಿ ಮಾರಿ ನೋಡಿದ್ರ ಆರತಿ ಎತ್ತಬೇಕು ಅನಸ್ತದ. ಆದ್ರ ನಾ ಮಾರಿ ನೋಡಂಗಿಲ್ರಿ. ಕರು ನೋಡ್ತೀನಿ."

"ನಮ್ಮ ಕರು ಆನೆಮರಿ ಇದ್ದಾವೆ."

"ಇರ್ತಾವ್ರಿ. ಎರಡು ಆಕಳ ಹಾಲು ಕುಡೀತಾವ, ಮ್ಯಾಲ ಹಿಂಡಿ ತಿಂತಾವ. ಅದು ನಿಮ್ಮ ಸಿರಿತನ ಆತು, ಹೋರೀದೇನು ಬಂತು? ಬಡವರ ಕೊಟ್ಟಗ್ಯಾಗ ನೋಡಬೇಕ್ರಿ. ಒಂದೇ ಸೂರು, ಒಂದೇ ಹುಲ್ಲು, ಒಂದೇ ಮಳಿ. ಅಲ್ಲಿ ತನ್ನ ವಾರಗಿ ಕರುಗಳ್ನ ಹಿಂದ ಹಾಕಿ ಯಾವುದು ಬೆಳೀತದ, ಅದರ ಅಪ್ಪ ಖರೇ ಹೋರಿ. ಅಂಥ ಎತ್ತಿಗೇ ಸಂತ್ಯಾಗ ಬೆಲಿ."

"ಮಕ್ಕಳನ್ನ ನೋಡಿ ಮದುವೆ ಗಂಡು ಒಪ್ಪಿದ ಹಾಗಾಯ್ತು," ಎಂದ ಪೋಸ್ಟ್ ಮಾಸ್ತರ.

"ಹಂಗ ನೋಡ್ತಿದ್ರ ಎಷ್ಟೋ ಮದುವಿ ಆಗ್ತಿದ್ದಿಲ್ರಿ," ಎಂದ ಶಿವರಾಯ.

ಗೋಡಬೋಲೆ ಸಾಹೇಬರು ಮೀಸೆಯಲ್ಲೇ ನಕ್ಕರು. ಕರು ನೋಡಿ ಹೋರಿ ಆರಿಸುವ ಈ ಪದ್ಧತಿಯ ಮೇಲೆ ಅವರು ನಾಶಿಕದಲ್ಲಿ ಭಾಷಣ ಮಾಡಿದ್ದರು. ಕೇಳಿದವರೆಲ್ಲ ಚಹಾ ಕುಡಿದು ಮನೆಗೆ ಹೋಗಿದ್ದರು. ಈ ಭಾಲ್ಕಿಯವನೊಬ್ಬ ಮಾತ್ರ ಅದನ್ನು ನಂಬಿ ಎರಡು ಮಳೆಗಾಲ ಟೇಪು ಹಿಡಿದು, ಗದ್ದೆ ಬದುಗಳಲ್ಲಿ ಜಾರಿ ಬೀಳುತ್ತ, ಸುತ್ತಲ ಸಣ್ಣ ಹಳ್ಳಿಗಳ, ವಾಡಿ ವಾಡಿಯ ಕರುಗಳ ಎದೆ ಅಳೆದಿದ್ದ. ಕರುವಿನ ಎದೆ ಅಳೆದು, "ಇದರ ಹೋರಿ ಯಾವುದ್ರಿ?" ಎಂದು ಕೇಳುವನು. ಉಳಿದವನ್ನು ಮೀರಿ ಬೆಳೆದ ಕರುವಿದ್ದಲ್ಲೆಲ್ಲ ಒಂದೇ ಉತ್ತರ: ಹಸುವನ್ನು ರುಕ್ಮಿಣಿಬಾಯಿಯ ಅಂಗಳಕ್ಕೆ ಬಿಟ್ಟಿದ್ದೆವು. ಸಂಜೆ ಹಸು ಕಟ್ಟಿ ಬರುವುದು, ಬೆಳಿಗ್ಗೆ ಒಂದು ಮೊರ ಅಕ್ಕಿ ಕೊಟ್ಟು ಹೊಡೆದುಕೊಂಡು ಹೋಗುವುದು. ಊರಿನ ರೂಢಿ.

"ಹೋರೀನ ನೀನು ನೋಡಿದ್ದೆಯಾ?" ಎಂದರು ಸಾಹೇಬರು.

"ಸರಿಯಾಗಿ ಇವತ್ತೇ ನೋಡ್ಲತ್ತೀನ್ರಿ. ನೀವೇ ಹೇಳಿದ್ರಿ, ಅಪ್ಪನ ಮಾರಿ ನೋಡಿದ್ರ ಮನಸ್ಸು ಕೆಡತದ ಅಂತ. ದೃಷ್ಟಿ ಆಗಬಾರದು ಅಂತ ಅಜ್ಜಿನೂ ಅದರ ಕಿವಿ ಮುಚ್ಚಂಗ ಕುಂಚಿಗಿ ಹಾಕೇ ಇಡತಾಳ."

ಸಾಹೇಬರ ಕಣ್ಣು ತುಂಬಿ ಬಂತು. ಇಂಥ ಶಿಷ್ಯ ಯಾರಿಗೆ ಸಿಗುತ್ತಾನೆ.

ಕರುಗಳನ್ನು ಬಿಟ್ಟರು. ಸುತ್ತಲ ವಾಡಿಗಳಿಂದ ಬಂದವು, ಬಡವರ ಮನೆಯವು. ಆದರೂ ಎದೆ ಅಗಲ, ಬೆನ್ನು ನೇರ, ನಡೆದರೆ ಮಾಳವೇ ತಮ್ಮದೆಂಬ ಗತ್ತು. ಪಾಟೀಲರೂ ಒಂದು ಹೆಜ್ಜೆ ಮುಂದೆ ಬಂದು ನೋಡಿದರು. ಕರುಗಳೆಲ್ಲ ನೇರ ಶಿವರಾಯನ ಬಳಿ ಬಂದು ಅವನ ಎದೆಯ ಇಡ್ಲಿ ಹಿಟ್ಟನ್ನು ನೆಕ್ಕತೊಡಗಿದವು.

"ವಿಚಿತ್ರ," ಎಂದರು ಸಾಹೇಬರು. "ಎಲ್ಲದರ ಎಡಗಿವಿ ಬಿಳಿ."

"ಅಪ್ಪನ ಶಿಕ್ಕಾ ಬಿದ್ದದ್ರಿ," ಎಂದ ಶಿವರಾಯ ಹೆಮ್ಮೆಯಿಂದ. ರುಕ್ಮಿಣಿಬಾಯಿ ಸೋನ್ಯಾನ ಕುಂಚಿಗೆ ತೆಗೆದಳು. ಅದರ ಎಡಗಿವಿಯೂ ಹಾಲಿನಂತೆ ಬಿಳಿ. ಜನ ಆಹಾ ಎಂದರು. ಸಾಹೇಬರು ಆ ಕಿವಿಯನ್ನು ಪ್ರೀತಿಯಿಂದ ಸವರಿದರು.

ಅದೇ ಹೊತ್ತಿಗೆ ಒಂದು ಜಡಿ ಮಳೆ ಬಂತು.

ಡಾಂಗಿ ದನಕ್ಕೆ ಮಳೆ ಲೆಕ್ಕವಿಲ್ಲ. ಸೋನ್ಯಾ ಅಲ್ಲಾಡಲಿಲ್ಲ. ಆದರೆ ಅದರ ಕಿವಿ ಕರಗತೊಡಗಿತು. ಬಿಳಿ ನೀರು ಗಲ್ಲಕ್ಕೆ ಇಳಿಯಿತು, ಸಾಹೇಬರ ಬೆರಳಿಗೆ ಬಂತು. ಸಾಹೇಬರು ಮೂಸಿ ನೋಡಿದರು. ಸುಣ್ಣ.

"ಇದೇನು ಅಜ್ಜಿ?"

ರುಕ್ಮಿಣಿಬಾಯಿ ಸೆರಗು ತಲೆ ಮೇಲೆ ಎಳೆದುಕೊಂಡಳು. "ಮಕ್ಕಳ ಕಿವಿ ಬಿಳಿ, ಅಪ್ಪನದು ಕಪ್ಪು ಅಂದರೆ ನಾಲ್ಕು ಜನ ಏನಂದಾರು? ಮನೆತನದ ಮರ್ಯಾದೆ ಇದೆ, ಬಾಬಾ."

"ಹಾಗಾದರೆ ಅಪ್ಪ ಯಾರು?"

"ನನ್ನ ಸೋನ್ಯಾ ಸಂತ. ಹಸು ಬಂದರೆ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಬಂದವರನ್ನ ವಾಪಸು ಕಳಿಸೋಕಾಗುತ್ತಾ? ಹಿಂದಿನ ಬಾಗಿಲು ತೆಗೆದಿಡುತ್ತಿದ್ದೆ. ಆತ ಬಂದು ಹೋಗುತ್ತಿದ್ದ."

"ಆತ ಅಂದರೆ?"

ಮುದುಕಿ ಗದ್ದದಿಂದ ರಸ್ತೆ ತೋರಿಸಿದಳು. ಶೀನ ಊಟದ ಕ್ಯಾರಿಯರು ಹೊತ್ತು ಬರುತ್ತಿದ್ದ. ಜೊತೆಗೆ ಛತ್ರಿ ಹಿಡಿದು ಮುದ್ದಣ್ಣ. ಅವರ ಹಿಂದೆ, ಸಾರಿನ ವಾಸನೆ ಹಿಡಿದು, ಹಿಂಗಾಲು ಅಗಲ ಮಾಡಿಕೊಂಡು, ಪಿಂಚಣಿಗೆ ಹೊರಟ ಮುದುಕನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಮಾಮಲೇದಾರ. ಮಳೆ ಸುರಿಯುತ್ತಿತ್ತು. ಅವನ ಎಡಗಿವಿ ಕರಗಲಿಲ್ಲ.

ಕರುಗಳೆಲ್ಲ ಶಿವರಾಯನನ್ನು ಬಿಟ್ಟು ಆ ಕಡೆ ತಿರುಗಿದವು.

ಗೋಡಬೋಲೆ ಸಾಹೇಬರು ಟೇಪು ತೆಗೆದು ಮಾಮಲೇದಾರನ ಸುತ್ತ ಅಳೆದರು, ಮತ್ತೆ ಅಳೆದರು, ಹಿಂದೆ ಸರಿದು ಗುಡಿಯಲ್ಲಿ ನಿಂತಂತೆ ನಿಂತರು. "ಶಿವರಾಯ," ಎಂದರು, "ಹೆಸರು ತಪ್ಪು, ಲೆಕ್ಕ ಸರಿ. ಬೀದಿಯಲ್ಲಿ ಬಿದ್ದಿದ್ದ ರತ್ನವನ್ನು ನಿನ್ನ ಟೇಪು ಹುಡುಕಿತು. ಲಾರಿ ತರಿಸು. ಇವತ್ತೇ ಇವನೂ ನಾಶಿಕಕ್ಕೆ, ನೀನೂ ನಾಶಿಕಕ್ಕೆ."

ಮಾಳದ ಅಂಚಿನಲ್ಲಿ ನಿಂತಿದ್ದ ಮಲ್ಲಮ್ಮ ಇಷ್ಟು ಕೇಳಿದವಳೇ ಟ್ರಂಕು ಹೊರಗೆ ಎಳೆಯಲು ಓಡಿದಳು.

ಬೆಳಿಗ್ಗೆ ಬುದ್ಧಿ ಹೇಳಿದ ಊರಿನವರೆಲ್ಲ ತಂತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು.

"ಆದರೆ ಯಾಕೆ ಹೀಗೆ ನಡೆಯುತ್ತಾನೆ ಇವನು?" ಎಂದರು ಸಾಹೇಬರು.

"ಸಾಹೇಬ್ರೆ, ಮೊದಲು ಊಟ ಮಾಡಿ," ಎಂದ ಮುದ್ದಣ್ಣ. "ಸಾರು ತಣಿದ್ರೆ ಚೆಂದ ಇರುದಿಲ್ಲ."

"ಬೆಳಿಗ್ಗಿ ಬೀಜ ಒಡದೀವ್ರಿ," ಎಂದ ಶಿವರಾಯ.

"ಯಾರು ಒಡೆದದ್ದು?"

"ನಾನೇರಿ."

ಸಾಹೇಬರು ಬಯ್ಯಲಿಲ್ಲ. ಜೀಪಿನೊಳಗೆ ಕೂತು ಸಾರು ಅನ್ನ ಪೂರ್ತಿ ಉಂಡರು, ಮಜ್ಜಿಗೆ ಕುಡಿದರು, ಕೈ ತೊಳೆದರು. ಆಮೇಲೆ ಬಹಳ ಹೊತ್ತು ಕರುಗಳನ್ನು ನೋಡಿದರು.

"ಅಪ್ಪನ ಕಥೆ ಮುಗಿಯಿತು. ಮಕ್ಕಳಿದ್ದಾವಲ್ಲ. ಇವುಗಳಲ್ಲಿ ಅಪ್ಪನ ಸಮ ಯಾವುದು, ಹೇಳು. ಅದನ್ನೇ ಒಯ್ಯುತ್ತೇನೆ."

ಶಿವರಾಯನಿಗೆ ಸುಮ್ಮನೆ ಒಂದು ಕರುವಿನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಹೋರಿಯ ಮಾತು ಬಂದರೆ ಅವನು ಬೇರೆಯೇ ಮನುಷ್ಯ.

"ಮಾರಿ ನೋಡಿ ಹ್ಯಾಂಗ ಹೇಳ್ಲಿರಿ? ಇವು ಬೆಳೀಬೇಕು, ಇವಕ್ಕ ಕರು ಆಗಬೇಕು, ಆ ಕರು ಬಡವರ ಕೊಟ್ಟಗ್ಯಾಗ ಬೆಳೀಬೇಕು, ಅವನ್ನ ಅಳದು..." ಅಲ್ಲಿಗೆ ಬಂದಾಗ ಅವನ ಮಾತು ಅವನಿಗೇ ಕೇಳಿಸಿತು. ನಿಲ್ಲಿಸಿದ.

"ಎಷ್ಟು ವರ್ಷ ಬೇಕು?"

"ಐದ್ ವರ್ಷ ಆದ್ರೂ ಬೇಕ್ರಿ," ಎಂದ ಶಿವರಾಯ ಸಣ್ಣ ದನಿಯಲ್ಲಿ.

ಸಾಹೇಬರು ಅವನ ಹೆಗಲ ಮೇಲೆ ಕೈ ಇಟ್ಟರು. ಇಟ್ಟ ಕೈಗೆ ಹಿಟ್ಟು ಅಂಟಿತು. ಅದನ್ನೂ ಗೌರವದಿಂದಲೇ ಒರೆಸಿಕೊಂಡರು. "ಈ ಕೆಲಸ ನಿನ್ನಷ್ಟು ಚೆನ್ನಾಗಿ ಮಾಡುವವನು ಇಡೀ ಜಿಲ್ಲೆಯಲ್ಲಿಲ್ಲ. ಐದು ವರ್ಷ ನಿನ್ನನ್ನು ಘೋಟಿಯಿಂದ ಯಾರೂ ಅಲ್ಲಾಡಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ." ಜೀಪು ಹೊರಟಿತು.

ಮಲ್ಲಮ್ಮ ಮಳೆಯಲ್ಲಿ ನೆನೆದ ಟ್ರಂಕನ್ನು ಒಳಗೆ ಎಳೆದುಕೊಂಡಳು. ಭಾಲ್ಕಿಗೆ ಹೋಗುತ್ತೇನೆಂದು ಹೇಳಲಿಲ್ಲ. ಸಾಹೇಬರು ಗಂಡನ ಹೆಗಲ ಮೇಲೆ ಕೈ ಇಟ್ಟದ್ದನ್ನು ಅವಳು ನೋಡಿದ್ದಳು.

ದೀಪ ಹಚ್ಚುವ ಹೊತ್ತಿಗೆ ಮುದ್ದಣ್ಣ ಮತ್ತೆ ಬಾಗಿಲಲ್ಲಿ.

"ಶಿವರಾಯ್ರೆ, ನಾಳೆಯ ಹಿಟ್ಟೂ ಹೋಯ್ತು. ಈ ಸಲ ದೊಡ್ಡವ ಅಲ್ಲ, ಅವನ ಮಗ. ಬಿಳಿ ಕಿವಿಯದ್ದು. ಇನ್ನೊಂದು ಕೊಪ್ಪರಿಗೆ ತಲೆಗೆ ಹಾಕಿಕೊಂಡು ಹೋದ. ಆ ಇಕ್ಕಳ ಸ್ವಲ್ಪ ತನ್ನಿ ಮಾರಾಯ್ರೆ."

ಶಿವರಾಯ ಗೂಟ ನೋಡಿದ. ಇಕ್ಕಳ ಇರಲಿಲ್ಲ. ಒಳಗೆ ಮಲ್ಲಮ್ಮ ಟ್ರಂಕಿನ ಮೇಲೆ ಕೂತಿದ್ದಳು. ಟ್ರಂಕಿಗೆ ಬೀಗ ಬಿದ್ದಿತ್ತು; ನಾಶಿಕಕ್ಕೆಂದು ತುಂಬಿದ್ದ ಸೀರೆಗಳು ಕೋಣೆಯ ಹಗ್ಗದ ಮೇಲೆ ನೇತಾಡುತ್ತಿದ್ದವು. ಬೀಗದ ಕೈ ಅವಳ ತಾಳಿಯ ಜೊತೆಗಿತ್ತು.

"ಮುದ್ದಣ್ಣಾರ," ಎಂದಳು ಅವಳು ಒಳಗಿನಿಂದಲೇ, "ಕೊಪ್ಪರಿಗಿ ಗಟ್ಟಿದು ತಗೋರಿ. ಇನ್ನ ಐದು ವರ್ಷ ಬಾಳಿಕಿ ಬರಬೇಕು."